ಹನ್ನೆರಡನೇ ಮೆಷಿನ್ನಿನ ಸೆಕೆಂಡು

"ಒಂಬತ್ತನೇ ಕ್ಲಾಸಿಗೇ ಚೀಲ ಎಸೆದವನ ಕೈಗೆ ಗಡಿಯಾರ ಕೊಟ್ರೆ ಇನ್ನೇನಾಗುತ್ತೆ? ಹೊತ್ತನ್ನೂ ಕದ್ದು ಭಾವನ ಮನೆಗೆ ಸಾಗಿಸ್ತಾನೆ!"

ಮ್ಯಾನೇಜರ್ ಹೀಗಂದದ್ದು ಹದಿನೈದು ಜನರೆದುರು. ಯಾರೋ ಕಿಸಕ್ಕೆಂದರು. ನನ್ನ ಕಿವಿ ಕಾದ ಕಾವಲಿಯಾಯಿತು.

"ಸಂಜೆಯೊಳಗೆ ನೀನಲ್ಲ ಅಂತ ತೋರಿಸು. ಇಲ್ಲಾಂದ್ರೆ ಗೇಟು ಆ ಕಡೆ ಇದೆ."

ನಮ್ಮದು ಷೇರುಪೇಟೆಯ ಮೆಷಿನ್ ಕೋಣೆ. ಯಾರ ಆರ್ಡರ್ ಮೊದಲೋ ಅವರಿಗೇ ಮೊದಲ ಮಣೆ. ಅದನ್ನು ತೀರ್ಮಾನಿಸುವುದು ಆರ್ಡರಿನ ಮೇಲೆ ಮೆಷಿನ್ ಒತ್ತುವ ಸಮಯದ ಮುದ್ರೆ. ಭೂಮಿ ತುಸು ನಿಧಾನವಾಗಿ ತಿರುಗಿತೆಂದು ಅಂದು ಜಗತ್ತಿನ ಗಡಿಯಾರಗಳಿಗೆಲ್ಲ ಒಂದು ಸೆಕೆಂಡು ಸೇರಿಸಿದ್ದರು. ಅದು ಒಮ್ಮೆಗೇ ಬಂದರೆ ಮೆಷಿನ್‌ಗಳು ಕಂಗಾಲಾಗುತ್ತವೆ. ಅದಕ್ಕೇ ನಾವು ಗಾಯಕ್ಕೆ ಮುಲಾಮು ಸವರಿದಂತೆ ಅದನ್ನು ಇಡೀ ದಿನಕ್ಕೆ ತೆಳ್ಳಗೆ ಸವರುತ್ತೇವೆ. ಸವರುವವನು ನಾನು. ಸವರದೆ ಬಿಟ್ಟ ಮೆಷಿನ್ ನಸುಕಿನಲ್ಲೇ ಇಡೀ ಸೆಕೆಂಡು ಒಮ್ಮೆಗೇ ನಿಂತುಬಿಡುತ್ತದೆ; ಉಳಿದವು ಆಗಿನ್ನೂ ಅರ್ಧದಷ್ಟೇ ನಿಧಾನಿಸಿರುತ್ತವೆ. ಹಾಗಾಗಿ ಅದು ಆ ಬೆಳಗ್ಗೆ ಉಳಿದವಕ್ಕಿಂತ ಅರ್ಧ ಸೆಕೆಂಡಿನಷ್ಟು ಹಿಂದಿರುತ್ತದೆ. ತಡವಾಗಿ ಬಂದ ಆರ್ಡರಿಗೂ ಬೇಗ ಬಂದ ಮುದ್ರೆ.

ಹನ್ನೆರಡನೇ ಮೆಷಿನ್ ಹಾಗೇ ಉಳಿದಿತ್ತು. ಷೇರು ದಲ್ಲಾಳಿಯಾದ ನನ್ನ ಭಾವನ ಆರ್ಡರುಗಳೆಲ್ಲ ಬಂದದ್ದು ಅದರಲ್ಲೇ.

ಬಿಟ್ಟದ್ದು ನಾನಲ್ಲ. ಪಟ್ಟಿಯಿಂದ ಅದನ್ನು ಹೊಡೆದುಹಾಕಿದವರು ಮ್ಯಾನೇಜರ್. "ಮುಂದಿನ ವಾರ ಕಳಚೋ ಮೆಷಿನ್ನು, ಅದಕ್ಯಾಕೆ ದಂಡದ ಕೆಲಸ?" ಅಂದಿದ್ದರು. ಇನ್ನೂ ಓಡ್ತಿದೆಯಲ್ಲ ಸಾರ್ ಅಂದದ್ದಕ್ಕೆ, "ಪಟ್ಟೀಲಿಲ್ಲದ್ದನ್ನ ಮುಟ್ಟಿದ್ರೆ ಕೈ ಮುರೀತೀನಿ" ಎಂದೂ ಹೇಳಿದ್ದರು.

ಭಾವನಿಗೆ ಫೋನ್ ಮಾಡಿದೆ.

"ನಿಮ್ಮನ್ನ ಹನ್ನೆರಡನೇ ಮೆಷಿನ್ನಿಗೆ ಹಾಕಿದ್ದು ಯಾರು, ಭಾವ?"

"ನಿಮ್ಮ ಮ್ಯಾನೇಜರೇ ಕಣೋ, ನಿನ್ನೆ. ನನ್ನ ಲೈನ್ ಕೆಟ್ಟಿತ್ತು."

"ನಿಜವಾಗ್ಲೂ ಕೆಟ್ಟಿತ್ತಾ?"

"ನನ್ನ ಮೇಲೇ ಅನುಮಾನವೇನೋ? ನಿಮ್ಮಕ್ಕನ ಕಿವಿಗೆ ಬಿದ್ರೆ ಚೆನ್ನಾಗಿರಲ್ಲ ನೋಡು."

ಪಟ್ಟಿಗಳ ಫೈಲು ತೆಗೆದೆ. ಹಿಂದಿನ ಹಾಳೆಯಿದೆ, ಮುಂದಿನದಿದೆ. ನಡುವಿನ ಪಟ್ಟಿ ಮಾತ್ರ ಮಾಯ. ಬುಡದಲ್ಲಿ ಹರಿದ ಚೂರು.

ಆದರೆ ಪಟ್ಟಿಯಿಂದ ಬಿಟ್ಟ ಮೆಷಿನ್ನಿನ ಬಾಗಿಲ ಒಳಗೆ ಒಂದು ಪ್ರತಿ ಅಂಟಿಸುವುದು ನಮ್ಮ ಕೋಣೆಯ ಪದ್ಧತಿ. ಫ್ಯಾನಿನ ಬಿಸಿಗಾಳಿಗೆ ಅದು ಪಟಪಟ ಬಡಿದುಕೊಳ್ಳುತ್ತಿತ್ತು. ಹನ್ನೆರಡರ ಮೇಲೆ ಹಸಿರು ಗೀಟು, ಕೆಳಗೆ ಸಹಿ. ಹಸಿರು ಪೆನ್ನು ಈ ಆಫೀಸಿನಲ್ಲಿ ಒಬ್ಬರದೇ.

ಹಾಳೆ ಕಿತ್ತು ಅವರ ಬಳಿ ಒಯ್ದೆ. ಅದನ್ನು ಕಂಡದ್ದೇ ಮ್ಯಾನೇಜರ್ ತಮ್ಮ ಕೋಣೆಯ ಬಾಗಿಲು ಹಾಕಿದರು. ದನಿ ಬೆಣ್ಣೆಯಾಯಿತು.

"ಮರೆತೋಯ್ತು ಕಣಪ್ಪ, ಮನುಷ್ಯನಲ್ವಾ? ನಿನ್ನ ಕೆಲಸ ಎಲ್ಲೂ ಹೋಗಲ್ಲ. ನಮ್ಮಿಬ್ರಲ್ಲೇ ಇರ್ಲಿ."

ಬೈಗುಳಕ್ಕೆ ಹದಿನೈದು ಜನ ಬೇಕು, ತಪ್ಪೊಪ್ಪಿಗೆಗೆ ಮುಚ್ಚಿದ ಬಾಗಿಲು! ಮರೆತವರು ಫೈಲಿನ ಹಾಳೆ ಯಾಕೆ ಹರಿದರು? ಕೇಳಿದ್ದಕ್ಕೆ ಹೇಳದೆ ಭಾವ ಅಕ್ಕನ ಹೆಸರೆತ್ತಿದ್ದು ಯಾಕೆ?

"ಕೊಡು, ಆ ಹಾಳೆ ಇಲ್ಲಿ ಕೊಡು. ಏನಂತೀಯ?"

ಹಾಳೆ ಮಡಿಚಿ ಅಂಗಿಯ ಜೇಬಿಗಿಟ್ಟೆ. ಬಾಗಿಲು ತೆಗೆದೆ. ಹದಿನೈದು ತಲೆಗಳೂ ಒಟ್ಟಿಗೇ ತಿರುಗಿದವು.

"ಏಯ್, ನಿನ್ನನ್ನೇ ಕೇಳ್ತಿರೋದು!"

ಗೇಟಿನ ಕಡೆಯಲ್ಲ, ವಹಿವಾಟಿನ ಅಕ್ರಮ ವಿಚಾರಿಸುವ ಪರಿಶೀಲನಾಧಿಕಾರಿಯ ಕೋಣೆಯ ಕಡೆ ನಡೆದೆ.