ಸೀಮೆಸುಣ್ಣದ ಜೀಪು

1

ಈ ಕಥೆಯೊಳಕ್ಕೆ ಮುಂದಿನ ಬಾಗಿಲಿನಿಂದ ಹತ್ತಬೇಕೋ ಹಿಂದಿನ ಬಾಗಿಲಿನಿಂದ ನುಗ್ಗಬೇಕೋ ಎಂದು ಎರಡು ದಿನದಿಂದ ಮೀನ ಮೇಷ ಎಣಿಸುತ್ತಿದ್ದೇನೆ. ಮುಂದಿನಿಂದ ಹತ್ತಿದರೆ ಸ್ಟೀರಿಂಗ್ ಹಿಡಿದು ಡಾಕ್ಟರಮ್ಮ ಕೂತಿರುತ್ತಾರೆ. ವಯಸ್ಸು ಐವತ್ತಾರು. ದನ, ಕುರಿ, ಕುದುರೆಗಳ ಡಾಕ್ಟರು. ರಸ್ತೆ ಮುಗಿದ ಮೇಲೂ ಮೂರು ಗಂಟೆ ಕಲ್ಲುಮಣ್ಣಿನಲ್ಲಿ ಜೀಪು ಓಡಿಸಿಕೊಂಡು ಬೆಟ್ಟದ ಮೇಲಿನ ದೊಡ್ಡಿಗಳಿಗೆ ಹೋಗಿ, ಕತ್ತಲಾದರೆ ಸೀಟಿನಲ್ಲೇ ಒರಗಿ ಮಲಗಿ, ಬರುವವರು, ಇಪ್ಪತ್ತೆರಡು ವರ್ಷದಿಂದ, ಒಬ್ಬರೇ. ಹಿಂದಿನಿಂದ ನುಗ್ಗಿದರೆ ಸಾಮಾನು ಮೈಮೇಲೆ ಬೀಳುತ್ತದೆ: ಬಕೆಟ್ಟು, ಹಗ್ಗ, ತೋಳುದ್ದದ ಕೈಗವಸು, ಲಸಿಕೆಯ ಐಸ್ ಪೆಟ್ಟಿಗೆ, ಗಮ್‌ಬೂಟು, ಸಲಿಕೆ, ಇವೆಲ್ಲದರ ಮೇಲೆ ಬಿಗಿದ ಒಂದು ಹಳೇ ಬಲೆ.

(ಓದುಗರೇ, ನೀವಾಗಿದ್ದರೆ ಎಲ್ಲಿಂದ ಹತ್ತುತ್ತಿದ್ದಿರಿ? ಈಗ ಹೇಳಿ ಪ್ರಯೋಜನವಿಲ್ಲ, ನಾನು ಆಗಲೇ ಹತ್ತಿಬಿಟ್ಟೆ.)

ವಿಷಯ ಇಷ್ಟೇ. ಹಿಂದಿನ ಆ ರಾಶಿಯ ಜಾಗದಲ್ಲಿ ಡ್ರಾಯರ್ ಕೂರಿಸಬೇಕು. ಎಂಥ ಡ್ರಾಯರ್ ಎಂಬುದು ಪ್ರಶ್ನೆ. ಗಿಡ್ಡ ಡ್ರಾಯರ್ ಆದರೆ ಅದರ ಮೇಲಿನ ಹಲಗೆಗೆ ಹಾಸಿಗೆ ಹಾಸಿ ಇಬ್ಬರು ಮಲಗಬಹುದು. ಎತ್ತರದ್ದಾದರೆ ಸಾಮಾನು ದುಪ್ಪಟ್ಟು ಹಿಡಿಯುತ್ತದೆ, ಆದರೆ ಅದರ ಮೇಲೆ ಬೆಕ್ಕು ಕೂಡ ಮಲಗಲಾರದು. ಡಾಕ್ಟರಮ್ಮನ ಯಜಮಾನರಿಗೆ ಗಿಡ್ಡದ್ದು ಬೇಕು. ಅವರು ಹೋದ ತಿಂಗಳು ರಿಟೈರ್ ಆದರು. ಇನ್ನುಮೇಲೆ ಹೆಂಡತಿಯ ಜೊತೆ ತಾವೂ ಬೆಟ್ಟ ಹತ್ತುವುದೆಂದು ನಿಶ್ಚಯ ಮಾಡಿಕೊಂಡಿದ್ದಾರೆ. ಡಾಕ್ಟರಮ್ಮನಿಗೆ ಎತ್ತರದ್ದು ಬೇಕು. ಯಾಕೆಂದರೆ ಯಜಮಾನರು ಬರುವುದು ಆಕೆಗೆ ಇಷ್ಟವಿಲ್ಲ.

ಗಿಡ್ಡದ್ದನ್ನೇ ಹಾಕಿಸಿ ಒಬ್ಬರೇ ಕಾಲು ಚಾಚಿ ಮಲಗಬಹುದಲ್ಲ ಎನ್ನುತ್ತೀರಿ. ಇಬ್ಬರು ಹಿಡಿಸುವ ಹಾಸಿಗೆ ಇಟ್ಟುಕೊಂಡು ಗಂಡನಿಗೆ ಬರಬೇಡಿ ಎನ್ನಲು ಬಾಯಿ ಹೇಗೆ ಬರಬೇಕು? ಜಾಗ ಇಲ್ಲ ಎನ್ನುವುದು ಸುಲಭ. ತಾನು ಹೇಳಲಾರದ್ದನ್ನು ಡ್ರಾಯರೇ ಹೇಳಲಿ ಎಂಬುದು ಆಕೆಯ ಆಸೆ. ಇದನ್ನು ಆಕೆ ಯಾರಿಗೂ ಹೇಳಿಲ್ಲ. ನನಗೂ ಹೇಳಿದ್ದಲ್ಲ, ನಾನೇ ಕದ್ದು ಕೇಳಿಸಿಕೊಂಡಿದ್ದು.

2

ಯಜಮಾನರು ಮೂವತ್ತನಾಲ್ಕು ವರ್ಷ ರೈಲಿನ ವೇಳಾಪಟ್ಟಿ ತಯಾರಿಸುವ ಕಚೇರಿಯಲ್ಲಿದ್ದವರು. ಯಾವ ಗಾಡಿ ಯಾವ ಹಳಿಯ ಮೇಲೆ ಎಷ್ಟು ಗಂಟೆಗೆ ಎಂದು ಚೌಕುಳಿ ಹಾಳೆಯಲ್ಲಿ ಗೀಟೆಳೆಯುವುದರಲ್ಲಿ ಎತ್ತಿದ ಕೈ. ರಿಟೈರಾದ ಮೂರನೇ ದಿನಕ್ಕೇ ಊಟದ ಮೇಜಿನ ಮೇಲೆ ಡ್ರಾಯರುಗಳ ಕ್ಯಾಟಲಾಗುಗಳು ಬಂದು ಬಿದ್ದವು. ತಟ್ಟೆ ಇಡಲು ಜಾಗವಿಲ್ಲ.

“ನೋಡೇ, ಉಕ್ಕಿಂದು ಗಟ್ಟಿ. ಆದ್ರೆ ಖಾಲಿ ಡ್ರಾಯರೇ ಎಂಬತ್ತು ಕೆ.ಜಿ., ಹಿಂದಿನ ಸ್ಪ್ರಿಂಗು ಕೂತ್ಕೊಂಡ್ಬಿಡುತ್ತೆ. ಅಲ್ಯೂಮಿನಿಯಂ ಹಗುರ, ಆದ್ರೆ ದಾರಿಯುದ್ದಕ್ಕೂ ಕಿರಗುಟ್ಟುತ್ತಂತೆ. ಪ್ಲೈವುಡ್ಡೇ ಸರಿ. ಮೇಲೆ ಕಾರ್ಪೆಟ್ಟು.”

“ಹೂಂ.”

“ಎಳೆದಾಗ ಪೂರ್ತಿ ಹೊರಗೆ ಬಂದು ಅಲ್ಲೇ ಲಾಕ್ ಆಗ್ಬೇಕು. ಇಲ್ದಿದ್ರೆ ಗಾಡಿ ಇಳಿಜಾರಲ್ಲಿ ನಿಂತಿರುತ್ತೆ ಅನ್ನು, ತಾನೇ ವಾಪಸ್ ಬಂದು ಬೆರಳು ಜಜ್ಜುತ್ತೆ.”

“ಹೂಂ.”

“ಹೂಂ ಅಂದ್ರೆ ಏನೇ? ಹಿಡಿಸ್ತೋ ಇಲ್ವೋ?”

ಡಾಕ್ಟರಮ್ಮ ಅವರ ಚೌಕುಳಿ ಹಾಳೆಯನ್ನು ಎಳೆದುಕೊಂಡು ನೋಡಿದರು. ಪ್ರತಿ ಸಾಮಾನಿಗೂ ಒಂದು ಖಾನೆ, ಪ್ರತಿ ಖಾನೆಗೂ ಒಂದು ಚೀಟಿ, ಎಲ್ಲ ಅಕಾರಾದಿಯಾಗಿ. ಎಡಗಡೆಯ ಮೊದಲ ಖಾನೆಯಲ್ಲಿ ಅಂಟುಪಟ್ಟಿ, ಆಮೇಲೆ ಇಕ್ಕಳ, ಔಷಧಿ, ಕತ್ತರಿ, ಕೈಗವಸು. ಹೀಗೇ ಸಾಗಿ ಸಾಗಿ ಬಲಗಡೆಯ ಡ್ರಾಯರಿನ ತಳದಲ್ಲಿ, ಕಟ್ಟಕಡೆಯಲ್ಲಿ, ಹಗ್ಗ.

“ರೀ, ಕರು ಅಡ್ಡ ಸಿಕ್ಕೊಂಡಿರುತ್ತೆ. ಎರಡು ಕಾಲು ಮಾತ್ರ ಹೊರಗೆ ಬಂದಿರುತ್ತೆ. ಆಗ ನಾನು ಅ ಆ ಇ ಈ ಹೇಳ್ಕೊಂಡು ಹಗ್ಗ ಹುಡುಕ್ಬೇಕಾ?”

“ನೀನ್ಯಾಕೆ ಹುಡುಕ್ತೀಯ? ನಾನಿರ್ತೀನಲ್ಲ, ತೆಗೆದು ಕೊಡ್ತೀನಿ.”

ಡಾಕ್ಟರಮ್ಮ ಎದ್ದು ಹೋಗಿ, ತೊಳೆದಿಟ್ಟ ಲೋಟವನ್ನೇ ಮತ್ತೊಮ್ಮೆ ತೊಳೆದರು.

3

ಮೂರನೆಯ ಭಾಗವನ್ನು ಬರೆದು ಹರಿದುಹಾಕಿದ್ದೇನೆ. ಅದರಲ್ಲಿ ಬಕೆಟ್ಟಿನೊಳಗೆ ಒಂದು ಹಳೆಯ ಕಾಗದ ಇಟ್ಟಿದ್ದೆ, ಬೆಟ್ಟದ ಮೇಲಿನ ಯಾರೋ ಕುರಿಯವನು ಬರೆದದ್ದು. ಕಥೆಗೆ ಸ್ವಲ್ಪ ಉಪ್ಪು ಖಾರ ಇರಲಿ ಅಂತ. ಡಾಕ್ಟರಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಇದೇನ್ರೀ ಕಥೆಗಾರರೇ?”

“ಗುಟ್ಟು,” ಅಂದೆ. “ಒಬ್ಬರೇ ಹೋಗೋಕೆ ಒಂದು ಕಾರಣ ಅಂತ ಬೇಕಲ್ಲ.”

“ಹೆಂಗಸು ಒಬ್ಳೇ ಹೋಗ್ತಾಳೆ ಅಂದ್ರೆ ಆ ಕಡೆ ಇನ್ನೊಬ್ಬ ಗಂಡಸು ಇರ್ಲೇಬೇಕಾ? ನಿಮ್ಮ ತಲೆಗೆ ಬೇರೇನೂ ಹೊಳೆಯೋದೇ ಇಲ್ವಾ? ತೆಗೀರಿ ಇದನ್ನ. ಬಿಸಿನೀರು ಹಾಕಿ ತೊಳೆದಿಟ್ಟಿದ್ದ ಬಕೆಟ್ಟು, ಗಲೀಜು ಮಾಡಿಟ್ರಿ.”

ನನ್ನ ಮುಖ ಇಂಗು ತಿಂದ ಮಂಗನಂತಾಯಿತು. “ಹಾಗಾದ್ರೆ ಅಲ್ಲಿ ಏನಿದೆ, ನೀವೇ ಹೇಳಿ,” ಅಂದೆ. ಆಕೆ ಜೀಪಿನ ಪಕ್ಕದ ಸೀಟು ತೋರಿಸಿದರು. ಕರೆದುಕೊಂಡು ಹೋದರು.

4

ಎರಡು ಬೆಟ್ಟಗಳ ನಡುವೆ ಒಂದು ದಿಣ್ಣೆ. ಕೆಲಸ ಮುಗಿಸಿ ಇಳಿಯುವಾಗ ಆಕೆ ಅಲ್ಲಿ ಜೀಪು ನಿಲ್ಲಿಸಿ ಎಂಜಿನ್ ಆರಿಸುತ್ತಾರೆ. ಮೊದಲು ಎಂಜಿನ್ ಟಿಕ್ ಟಿಕ್ ಎನ್ನುತ್ತಾ ತಣ್ಣಗಾಗುತ್ತದೆ. ಆಮೇಲೆ ಅದೂ ಇಲ್ಲ. ಕೆಳಗಿನ ಕಣಿವೆಯಿಂದ ಮೋಡ ಹಾಲು ಉಕ್ಕಿದ ಹಾಗೆ ಮೆಲ್ಲಗೆ ಏರುತ್ತದೆ, ಬಾನೆಟ್ಟಿನ ತುದಿಯವರೆಗೆ ಬಂದು, ಅಲ್ಲೇ ಸ್ವಲ್ಪ ಹೊತ್ತು ನಿಂತು, ವಾಪಸು ಇಳಿದುಹೋಗುತ್ತದೆ. ಆಕೆಯ ಕೈಯಲ್ಲಿ ಆಗಷ್ಟೇ ಹುಟ್ಟಿದ ಕರುವಿನ ಬಿಸಿ ಇನ್ನೂ ಇರುತ್ತದೆ. ಹೊತ್ತು ಎಷ್ಟಾಯಿತು, ನಾಳೆ ಎಲ್ಲಿಗೆ ಹೋಗಬೇಕು, ತನಗೆ ಎಷ್ಟು ವಯಸ್ಸು ಎಂಬುದೆಲ್ಲ ಒಂದೊಂದಾಗಿ ಕೈಬಿಟ್ಟು ಹೋಗುತ್ತದೆ. ಒಮ್ಮೆ ಒಂದು ಕುದುರೆ ಮೋಡದೊಳಗಿಂದ ಬಂದು, ಕಿಟಕಿಯಲ್ಲಿ ಮೂತಿ ಇಟ್ಟು, ಉಸಿರು ಬಿಟ್ಟು, ಮತ್ತೆ ಮೋಡದೊಳಗೇ ಹೋಯಿತಂತೆ. ಅದು ಕನಸೋ ನಿಜವೋ ಆಕೆ ಯಾರನ್ನೂ ಕೇಳಬೇಕಾಗಿಲ್ಲ. ಯಾರೂ ಆಕೆಯನ್ನು “ಏನು ಯೋಚನೆ ಮಾಡ್ತಿದ್ದೀಯ?” ಎಂದು ಕೇಳುವುದಿಲ್ಲ. ಅಲ್ಲಿರುವುದು ಅಷ್ಟೇ.

ನಾನು ಪಕ್ಕದ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಒಳ್ಳೆಯದೊಂದು ಉಪಮೆ ನಾಲಿಗೆಯ ತುದಿಗೆ ಬಂತು. ಆಕೆ ನೋಡಿದ ನೋಟಕ್ಕೆ ನುಂಗಿಕೊಂಡೆ.

ಆ ಸೀಟಿನಲ್ಲಿ ಇನ್ನು ಯಜಮಾನರು ಕೂರುತ್ತಾರೆ. ಅವರು ಕೆಟ್ಟವರಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ದಿನ ದನಿ ಎತ್ತಿದವರಲ್ಲ. ಆದರೆ ಅವರು ಮಾತಾಡುತ್ತಾರೆ. “ಆಹಾ, ಅಲ್ನೋಡೇ!” ಎನ್ನುತ್ತಾರೆ. ಅವರು ಹಾಗೆಂದ ಕೂಡಲೇ ಆ ಮೋಡವನ್ನು ಇಬ್ಬರೂ ನೋಡಬೇಕು, ನೋಡಿ ಚೆನ್ನಾಗಿದೆ ಅನ್ನಬೇಕು, ಅಂದಮೇಲೆ ಫೋಟೋ ತೆಗೆಯಬೇಕು. ಇಷ್ಟು ಸಣ್ಣದಕ್ಕೆ ಕಟ್ಟಿಕೊಂಡ ಗಂಡನನ್ನು ಬರಬೇಡಿ ಎನ್ನುವುದೇ ಎಂದು ಆಕೆಗೆ ನಾಚಿಕೆ. ಅದು ಸಣ್ಣದಲ್ಲ ಎಂಬುದೂ ಆಕೆಗೆ ಗೊತ್ತು.

5

ಡ್ರಾಯರ್ ಕೂರಿಸುವ ಫಿಟ್ಟರ್ ಮೊದಲು ದೋಣಿಗಳ ಬಡಗಿಯಾಗಿದ್ದವನು. ಯಜಮಾನರು ತಂದ ಕ್ಯಾಟಲಾಗುಗಳನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಅವನ ಕ್ರಮವೇ ಬೇರೆ. ಹಿಂದಿನ ಸೀಟು ಬಿಚ್ಚಿ, ಜೀಪಿನ ಒಳಗಿನ ಅಳತೆ ತೆಗೆದು, ಚಕ್ರದ ಉಬ್ಬುಗಳ ಸಮೇತ ಅದನ್ನು ವರ್ಕ್‌ಶಾಪಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ. “ಸಾಮಾನೆಲ್ಲ ಇದರೊಳಗೆ ಜೋಡಿಸಿ. ಗಾಡಿ ನಿಂತ ತಕ್ಷಣ ಬೇಕಾದದ್ದು ಬಾಗಿಲ ಕಡೆಗೆ,” ಅಂದ. ಡಾಕ್ಟರಮ್ಮ ಹಗ್ಗವನ್ನು ಎಲ್ಲಕ್ಕಿಂತ ಮೊದಲು ಇಟ್ಟರು. ಯಜಮಾನರು ತಮ್ಮ ಹಾಳೆಯಲ್ಲಿ ಏನನ್ನೋ ಹೊಡೆದುಹಾಕಿ ತಿದ್ದಿಕೊಂಡರು.

ಅಳತೆ ಗುರುತು ಹಾಕಿಕೊಂಡು, ಫಿಟ್ಟರ್ ಸಾಮಾನನ್ನೆಲ್ಲ ಗೋಡೆಯ ಬದಿಗೆ ಸರಿಸಿದ. “ಈಗ ಹೋಗೋರೆಲ್ಲ ಇದರೊಳಗೆ ಮಲ್ಕೊಳ್ಳಿ.”

“ಅಳತೆ ನಾನು ಬರ್ಕೊಂಡು ಬಂದಿದ್ದೀನಲ್ಲಪ್ಪ,” ಅಂದರು ಯಜಮಾನರು.

“ಟೇಪು ಸುಳ್ಳು ಹೇಳುತ್ತೆ ಸಾರ್. ಮೈ ಹೇಳಲ್ಲ. ಚಪ್ಪಲಿ ಬಿಟ್ಟು ಮಲ್ಕೊಳ್ಳಿ ಇಬ್ರೂ, ನಾನು ಹಲಗೆ ಆರಿಸಿ ತರ್ತೀನಿ.”

ಇಲ್ಲಿ ನಿಲ್ಲಿಸಿ. ಇಲ್ಲಿಂದ ಮುಂದಕ್ಕೆ ನನ್ನ ಹತ್ತಿರ ಎರಡು ಮುಕ್ತಾಯ ಸಿದ್ಧವಾಗಿದ್ದವು. ಎರಡೂ ಅಚ್ಚುಕಟ್ಟು. ಎರಡನ್ನೂ ಡಾಕ್ಟರಮ್ಮನಿಗೆ ಓದಿ ಹೇಳಿದ್ದೇ ನನ್ನ ತಪ್ಪು.

ಮೊದಲನೆಯದರಲ್ಲಿ ಆಕೆ ಚೌಕುಳಿ ಹಾಳೆಯನ್ನು ತಿರುವಿದರೆ ಅಲ್ಲಿ ಒಬ್ಬರಿಗೆ ಮಾತ್ರ ಹಾಸಿಗೆ ಬರೆದಿರುತ್ತದೆ. “ನಿನ್ನ ಮನಸ್ಸು ನನಗೆ ಗೊತ್ತಿಲ್ವೇನೇ? ಕತ್ತು ನೋವು ಅಂತಿದ್ಯಲ್ಲ, ನೀನೊಬ್ಳು ಆರಾಮಾಗಿ ಮಲಗ್ಲಿ ಅಂತ ಮಾಡಿಸ್ತಿರೋದು,” ಎನ್ನುತ್ತಾರೆ ಯಜಮಾನರು. ಬರೆದು ನಾನೇ ಕಣ್ಣೊರೆಸಿಕೊಂಡಿದ್ದೆ.

ಡಾಕ್ಟರಮ್ಮ ನಕ್ಕರು. “ನಮ್ಮ ಯಜಮಾನ್ರು ಹಾಗೆಲ್ಲ ತಾವಾಗೇ ತಿಳ್ಕೊಳ್ಳೋರಲ್ಲ. ಬಾಯಿಬಿಟ್ಟು ಹೇಳ್ದೆ ಅವರಿಗೆ ಯಾವುದೂ ಗೊತ್ತಾಗಲ್ಲ. ನೀವು ಅವರನ್ನ ದೇವರು ಮಾಡ್ಬಿಟ್ರೆ ನನಗೆ ಹೇಳೋ ಕಷ್ಟ ತಪ್ಪುತ್ತೆ, ನಿಜ. ಆದ್ರೆ ಹಾಳೇಲಿ ಇಬ್ಬರಿಗೇ ಬರೆದಿದೆ. ಅವರ ಕಡೆಗೊಂದು ಓದೋ ದೀಪ ಬೇರೆ.”

ಎರಡನೆಯದರಲ್ಲಿ ಜೀಪು ಹೊಳೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಯಜಮಾನರು ಸೊಂಟದುದ್ದ ನೀರಿಗಿಳಿದು ತಳ್ಳುತ್ತಾರೆ. ಅದನ್ನು ಆಕೆ ಪೂರ್ತಿ ಕೇಳಲೂ ಇಲ್ಲ. “ನನ್ನ ಗಂಡನ್ನ ಹೀರೋ ಮಾಡೋಕೆ ನನ್ನ ಜೀಪು ಮುಳುಗಿಸ್ತೀರಾ? ಸ್ವಲ್ಪ ಸುಮ್ನಿರಿ. ನಾನೇ ಮಲಗಿ ನೋಡ್ತೀನಿ.”

ನಾನು ಕೈಯೆತ್ತಿಬಿಟ್ಟೆ.

6

ಇಬ್ಬರೂ ಮಲಗಿದರು. ಭುಜಕ್ಕೆ ಭುಜ ತಾಗುವಷ್ಟೇ ಅಗಲ. ಮೇಲೆ ತಗಡಿನ ಮಾಡು, ಅದರ ನಡುವೆ ಒಂದು ಗಾಜಿನ ಹಾಳೆ. ಅದರಿಂದ ಇಳಿದ ಮಧ್ಯಾಹ್ನದ ಬೆಳಕಿನಲ್ಲಿ ಮರದ ಪುಡಿ ಬೀಳಲೋ ಬೇಡವೋ ಎಂದು ತೇಲುತ್ತಿತ್ತು. ನೆಲ ತಣ್ಣಗಿತ್ತು.

ಸೀಮೆಸುಣ್ಣದ ಜೀಪು ಮೆಲ್ಲಗೆ ಹೊರಟಿತು. (ಹೊರಡಿಸಿದ್ದು ನಾನೇ, ಒಪ್ಪಿಕೊಳ್ಳುತ್ತೇನೆ. ಕಥೆ ಬರೆಯುವವನಿಗೆ ಇಷ್ಟಾದರೂ ಸ್ವಾತಂತ್ರ್ಯ ಬೇಡವೇ?) ಅದಕ್ಕೆ ಬಾಗಿಲಿಲ್ಲ, ಚಕ್ರವಿಲ್ಲ, ಕಲ್ಲಿನ ಮೇಲೆ ಹೋದರೂ ಕುಲುಕಾಟವಿಲ್ಲ. ಗೋಡೆಗೊರಗಿಸಿದ್ದ ಹಲಗೆಗಳು ಮರಗಳಾಗಿ ಎರಡೂ ಬದಿಯಲ್ಲಿ ಹಿಂದಕ್ಕೆ ಸರಿದವು. ಕುರಿಗಳು ಬಿಳಿ ಗೀಟನ್ನು ಅಳಿಸದೆ ದಾಟಿ, ಮಲಗಿದ್ದವರ ಪಾದ ಮೂಸಿ ಹೋದವು. ಹೊಳೆಯ ನೀರು ಬೆನ್ನಿನ ಕೆಳಗೇ ಹರಿಯಿತು, ಬಟ್ಟೆ ನೆನೆಯಲಿಲ್ಲ. ಏರು ಬಂತು. ಏರಿನ ತುದಿಯಲ್ಲಿ ಆ ದಿಣ್ಣೆ. ಮೋಡ ಅಂಚಿನವರೆಗೆ ಬಂದು ನಿಂತಿತ್ತು. ಡಾಕ್ಟರಮ್ಮ ಎಂಜಿನ್ ಆರಿಸಲು ಕೈ ಚಾಚಿದರು.

“ಆಹಾ,” ಅಂದರು ಯಜಮಾನರು. “ಇಬ್ರಿಗೂ ಎಷ್ಟು ಚೆನ್ನಾಗಿ ಹಿಡಿಸ್ತು ನೋಡೇ!”

ಜೀಪು ನಿಂತಿತು. ತಗಡು, ಗಾಜು, ಮರದ ಪುಡಿ. ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು.

“ರೀ, ನೀವು ಬರೋದು ಬೇಡ.”

“ಈ ಸಲಾನಾ?”

“ಯಾವ ಸಲಾನೂ.”

ಅವರ ಭುಜ ಬಿಗಿಯಾದದ್ದು ಆಕೆಯ ಭುಜಕ್ಕೆ ತಿಳಿಯಿತು. ಅವರು ಕೇಳಿದರು: “ಯಾಕೆ?”

“ಅಲ್ಲಿ ಒಬ್ಳೇ ಇರೋದು ನನಗಿಷ್ಟ. ಕೆಲಸ ಮುಗಿದ್ಮೇಲೆ ಜೀಪು ನಿಲ್ಲಿಸ್ಕೊಂಡು ಸುಮ್ನೆ ಕೂತಿರ್ತೀನಿ. ಯಾರ ಜೊತೇನೂ ಮಾತಾಡ್ದೆ. ನಿಮ್ಮ ಮೇಲೆ ಬೇಜಾರಲ್ಲ. ನನಗೆ ಅದು ಬೇಕು, ಅಷ್ಟೇ.”

ಮೂವತ್ತನಾಲ್ಕು ವರ್ಷ ಗಾಡಿಗಳ ಹೊತ್ತು ಲೆಕ್ಕ ಹಾಕಿದ ಮನುಷ್ಯ. ಗಾಜಿನ ಹಾಳೆಯನ್ನೇ ನೋಡುತ್ತಾ ಕೇಳಿದರು: “ಅಂದ್ರೆ ನೀನು ತಡವಾಗಿ ಬರ್ತಿದ್ದಿದ್ದು ರಸ್ತೆ ಕೆಟ್ಟಿದೆ ಅಂತ ಅಲ್ಲ.”

“ಅರ್ಧ ಸಲ ರಸ್ತೆ. ಇನ್ನರ್ಧ ಸಲ ಇದು.”

“ಎಷ್ಟು ಹೊತ್ತು ಕೂತಿರ್ತಿದ್ದೆ?”

“ಒಂದು ಗಂಟೆ. ಒಂದೊಂದ್ಸಲ ಎರಡು.”

“ಒಂದು ಗಂಟೆ ಆದ್ರೆ ನಾನು ಗೇಟಿನ ಹತ್ರ ಹೋಗಿ ನಿಲ್ತಿದ್ದೆ,” ಅಂದರು ಯಜಮಾನರು. “ಎರಡಾದ್ರೆ ಆಸ್ಪತ್ರೆಗಳಿಗೆ ಫೋನ್ ಮಾಡ್ತಿದ್ದೆ. ಹೆಂಗಸು, ಐವತ್ತರ ಮೇಲೆ, ಕಂದು ಬಣ್ಣದ ಜೀಪು ಅಂತ. ನಿನ್ನ ಗಾಡಿ ಸದ್ದು ಕೇಳಿದ ತಕ್ಷಣ ಒಳಗೆ ಓಡಿ ಪೇಪರ್ ಹಿಡ್ಕೊಂಡು ಕೂತ್ಕೋತಿದ್ದೆ. ಅದಕ್ಕೇ ಕಣೇ, ಜೊತೇಲಿ ಬರೋಣ ಅಂತ ಅಂದ್ಕೊಂಡಿದ್ದು. ಬೆಟ್ಟ ನೋಡೋಕಲ್ಲ.”

ಇಷ್ಟು ವರ್ಷದಲ್ಲಿ ಇದು ಒಮ್ಮೆಯೂ ಅವರ ಬಾಯಿಂದ ಬಂದಿರಲಿಲ್ಲ, ಆಕೆಯೂ ಕೇಳಿರಲಿಲ್ಲ. ಹಾಗಾದರೆ ಬನ್ನಿ ಎಂಬ ಮಾತು ಡಾಕ್ಟರಮ್ಮನ ಬಾಯಿಯವರೆಗೆ ಬಂತು. ಬಂದಷ್ಟೇ ವೇಗವಾಗಿ ಆ ದಿಣ್ಣೆಯೂ ಕಣ್ಣ ಮುಂದೆ ಬಂತು.

ಫಿಟ್ಟರ್ ಹಲಗೆ ಹೊತ್ತು ಬಂದಿದ್ದಾನೆ, ಕಿವಿಯ ಮೇಲೆ ಪೆನ್ಸಿಲ್ಲು. “ಎಷ್ಟೆತ್ತರ ಕೊಯ್ಯಲಿ, ಡಾಕ್ಟರಮ್ಮ? ಗಿಡ್ಡಕ್ಕಾ, ಎತ್ತರಕ್ಕಾ?”

ಮಲಗಿದ್ದವರನ್ನು ಒಮ್ಮೆ ನೋಡಿ ಅವನು ನನ್ನ ಕಡೆ ತಿರುಗಿದ. ನನ್ನನ್ನು ಯಾಕೆ ಕೇಳುತ್ತೀಯ ಮಾರಾಯ? ಗಿಡ್ಡ ಎಂದರೆ ದಿಣ್ಣೆಯ ಮೇಲಿನ ಆಕೆಯ ಆ ಒಂದು ಗಂಟೆ ಹೋಗುತ್ತದೆ. ಎತ್ತರ ಎಂದರೆ ಅವರು ಮತ್ತೆ ಗೇಟಿನ ಹತ್ತಿರ. ನನಗೆ ಇದನ್ನು ಮುಗಿಸಲು ಬರುವುದಿಲ್ಲ, ಮುಗಿಸುವುದೂ ಇಲ್ಲ. ಓದುಗರೇ, ನಿಮಗೆ ಅವಸರವಿದ್ದರೆ ಹೊರಡಿ, ಬಾಗಿಲು ತೆರೆದೇ ಇದೆ. ಹಲಗೆಯನ್ನು ಗೋಡೆಗೆ ಒರಗಿಸಿ ಫಿಟ್ಟರ್ ಬೀಡಿ ಹಚ್ಚಲು ಹೊರಗೆ ಹೋದ.

ಅವರಿಬ್ಬರೂ ಇನ್ನೂ ಎದ್ದಿಲ್ಲ. ಗಾಜಿನಿಂದ ಬಿದ್ದ ಬೆಳಕು ಸರಿದು ಆಕೆಯ ಮುಖ ಬಿಟ್ಟು ಅವರ ಮುಖಕ್ಕೆ ಬಂದಿದೆ. ಯಜಮಾನರು ಮಾತಾಡುತ್ತಿಲ್ಲ. ಎಷ್ಟೋ ಹೊತ್ತಾಯಿತು, ಒಂದು ಮಾತಿಲ್ಲ. ಡಾಕ್ಟರಮ್ಮ ಕಣ್ಣು ಬಿಟ್ಟುಕೊಂಡು, ಅಲುಗಾಡದೆ ಮಲಗಿ, ಅವರು ಏನಾದರೂ ಅನ್ನಲಿ ಎಂದು ಕಾಯುತ್ತಿದ್ದಾರೆ.