ಪೀಕದಾನಿಯಲ್ಲಿ ಸೇವಂತಿಗೆ

ನಾನೊಂದು ಹೂದಾನಿ. ಹುಟ್ಟಿದ್ದು ಮಾತ್ರ ಎಲೆ ಅಡಿಕೆ ಉಗುಳುವ ಪೀಕದಾನಿಯಾಗಿ. ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ನಿಮಗೂ ಹಗುರ.

ಗದಗಿನ ಕಂಚಗಾರರೊಬ್ಬರು ಹಿತ್ತಾಳೆಯ ತಗಡನ್ನು ಬಡಿಬಡಿದು ನನ್ನನ್ನು ಮಾಡಿದರು. ಕಾಲು ತಗುಲಿದರೂ ಉರುಳದಂತೆ ತಳ ಭಾರ, ಒಳಗಿನದು ಕಾಣದಂತೆ ಕುತ್ತಿಗೆ ಸಣ್ಣ, ಗುರಿ ತಪ್ಪದಂತೆ ಬಾಯಿ ಅಗಲ. ಅಂಗಡಿಯಲ್ಲಿ ನನ್ನಷ್ಟು ಹೊಳೆಯುವವರು ಇನ್ನೊಬ್ಬರಿರಲಿಲ್ಲ. ಬೆಟಗೇರಿಯ ನೇಕಾರ ಪಂಪಣ್ಣ ಬಂದು, ಬೆರಳಿನಿಂದ ತಟ್ಟಿ ನೋಡಿ, ನನ್ನನ್ನೇ ಎತ್ತಿಕೊಂಡ.

ಅವನ ಮಗ್ಗದ ಪಕ್ಕದಲ್ಲಿ ಹದಿನೆಂಟು ವರ್ಷ ಕೂತೆ. ಬಾಯಲ್ಲಿ ಎಲೆ ಅಡಿಕೆ ಇಲ್ಲದೆ ಅವನು ಒಂದು ಗೇಣು ಸೀರೆಯನ್ನೂ ನೇಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವನ ಹೆಂಡತಿ ನೀಲವ್ವ ನನ್ನನ್ನು ಹಿತ್ತಿಲಿಗೆ ಒಯ್ದು, ಸೆರಗಿನಿಂದ ಮೂಗು ಕಟ್ಟಿಕೊಂಡು, ಒಗೆಯುವ ಕಲ್ಲಿನ ಮೇಲಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತಲೆತುಂಬ ಸೇವಂತಿಗೆ ಮುಡಿದ ಹೆಂಗಸು ನನ್ನೆದುರು ಮುಖ ಕಿವುಚುವುದನ್ನು ಕಂಡು ನನಗೆ ನಾಚಿಕೆಯಾಗುತ್ತಿತ್ತು. ಆದರೆ ಅವಳ ಕೈ ತಾಗಿದ ಮೇಲೆ ನನ್ನ ಹೊಳಪೇ ಬೇರೆ.

ಪಂಪಣ್ಣ ತೀರಿಕೊಂಡ. ನೀಲವ್ವನ ತಲೆಯಿಂದ ಹೂವು ಇಳಿಯಿತು, ನಾನು ಅಟ್ಟ ಏರಿದೆ. ಅಲ್ಲಿಯ ಕಿಂಡಿಯಿಂದ ಹಿತ್ತಿಲು ಕಾಣುತ್ತಿತ್ತು. ಸೇವಂತಿಗೆ ಗಿಡಗಳಿಗೆ ನೀಲವ್ವ ನೀರು ಹಾಕುವುದನ್ನು ಬಿಡಲಿಲ್ಲ. ಆದರೆ ಅರಳಿದ್ದನ್ನೆಲ್ಲ ಓಣಿಯ ಹೆಣ್ಣುಮಕ್ಕಳಿಗೆ ಹಂಚಿ, ಬರಿಗೈಯಲ್ಲಿ ಒಳಗೆ ಹೋಗುತ್ತಿದ್ದಳು.

ಮಗನಿಗೆ ಮದುವೆಯಾಗಿ ಸೊಸೆ ಶಶಿಕಲಾ ಬಂದಳು. ದೀಪಾವಳಿಗೆ ಪಾತ್ರೆ ಬೆಳಗಲು ಅಟ್ಟ ಹತ್ತಿದವಳು ನನ್ನನ್ನು ಕಂಡು, "ಅತ್ತಿ, ಎಂಥಾ ಚಂದ ಹೂದಾನಿ!" ಎಂದು ಕೂಗಿದಳು. ಪಾಪ, ಅವಳ ತವರಿನಲ್ಲಿ ಎಲೆ ಅಡಿಕೆ ಹಾಕುವವರೇ ಇರಲಿಲ್ಲ. ತೊಳೆದು, ನೀರು ತುಂಬಿ, ಉದ್ದ ದಂಟಿನ ಹಳದಿ ಸೇವಂತಿಗೆಯನ್ನು ನನ್ನಲ್ಲಿ ನಿಲ್ಲಿಸಿದಳು. ಸಣ್ಣ ಕುತ್ತಿಗೆ ದಂಟುಗಳನ್ನು ಹಿಡಿಯಿತು, ಅಗಲ ಬಾಯಿಗೆ ಹೂಗಳು ಒರಗಿದವು. ಕಂಚಗಾರರು ನನ್ನನ್ನು ಇದಕ್ಕೇ ಮಾಡಿದ್ದರೋ ಏನೋ! ಹಿತ್ತಿಲಿನಿಂದ ಬಂದ ನೀಲವ್ವ ಬಾಗಿಲಲ್ಲೇ ನಿಂತಳು. ನಿಜ ಹೇಳುತ್ತಾಳೆಂದು ಕಾದೆ. ಅವಳೋ, ಬಾಗಿದ ಒಂದು ಹೂವನ್ನು ಮೆಲ್ಲಗೆ ನೆಟ್ಟಗೆ ಮಾಡಿ ಒಳಗೆ ಹೋದಳು.

ಹಬ್ಬದ ದಿನ ಪಂಪಣ್ಣನ ಅಕ್ಕ ಬಾಳವ್ವ ಬಂದರು. ಕೂತ ಕೂಡಲೇ ಅವರ ಕಣ್ಣು ನನ್ನ ಮೇಲೆ ಬಿತ್ತು.

"ನೀಲವ್ವಾ, ಇದು ನನ್ನ ತಮ್ಮನ ಪೀಕದಾನಿ ಅಲ್ಲೇನ? ಇದರಾಗ ಹೂ ಇಟ್ಟೀರಿ? ಗಂಡ ಸತ್ತಾಕಿಗೆ ಹೂವಿನ ಶೋಕಿ ಬ್ಯಾರೆ!"

ಶಶಿಕಲಾಳ ಮುಖ ಸಣ್ಣದಾಯಿತು. ನನ್ನನ್ನು ಎತ್ತಿಡಲು ಓಡಿ ಬಂದಳು. ಮತ್ತೆ ಅಟ್ಟವೇ ಗತಿ, ನೀಲವ್ವನಿಗೂ ಹೂವಿಲ್ಲ, ನನಗೂ ಇಲ್ಲ ಎಂದುಕೊಂಡೆ.

"ಮುಟ್ಟಬ್ಯಾಡವಾ," ಎಂದಳು ನೀಲವ್ವ. ಆ ದನಿಯನ್ನು ನಾನು ಅಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. "ಅಕ್ಕಾರ, ಹದಿನೆಂಟು ವರ್ಷ ಇದನ್ನ ತೊಳದಾಕಿ ನಾನು. ಇದರಾಗ ಏನ ಇಡಬೇಕು ಅನ್ನೋದು ನಾನ ಹೇಳತೀನಿ. ತಲೀಗೆ ಮುಡಿಬ್ಯಾಡ ಅಂದ್ರಿ, ಬಿಟ್ಟೆ. ಕಣ್ಣಿಲೆ ನೋಡೋದೂ ಬಿಡಬೇಕೇನು?"

ಬಾಳವ್ವ ಮುಂದಿಟ್ಟ ಕರಿಗಡಬು ತಿಂದರು. ಹೋಗುವಾಗ ನನ್ನತ್ತ ಇನ್ನೊಮ್ಮೆ ನೋಡಿ, "ಚಂದ ಕಾಣತದ ಬಿಡು," ಎಂದರು.

ಈಗ ನನಗೆ ವಯಸ್ಸಾಗಿದೆ, ಅಂಚು ಒಂದು ಕಡೆ ನೆಗ್ಗಿದೆ. ಆದರೂ ಪಡಸಾಲೆಯ ಕಿಟಕಿಯ ಜಾಗ ನನ್ನದೇ. ಮನೆಗೆ ಬಂದವರು ಮೊದಲು ನೋಡುವುದು ನನ್ನನ್ನೇ. ಇವತ್ತಿಗೂ ನೀಲವ್ವ ಬೆಳಿಗ್ಗೆ ನನ್ನನ್ನು ಹಿತ್ತಿಲಿಗೆ ಒಯ್ಯುತ್ತಾಳೆ. ಅದೇ ಕಲ್ಲು, ಅದೇ ಹುಣಸೆಹಣ್ಣು. ನೀರು ಬದಲಿಸಿ, ದಂಟು ಓರೆಯಾಗಿ ಕತ್ತರಿಸಿ, ಹೂವಿಟ್ಟು, ಬಗ್ಗಿ ಒಮ್ಮೆ ಮೂಸುತ್ತಾಳೆ. ಸೆರಗು ಈಗ ಮೂಗಿಗೆ ಏರುವುದಿಲ್ಲ, ಹೆಗಲ ಮೇಲೇ ಇರುತ್ತದೆ.