ನೀಲಿ ಬೆಳಕಿಗೆ ಹಿಡಿದ ಅಂಟು

ನಮ್ಮ ಅಣ್ಣ, ಅತ್ತಿಗೆಯದು ಗಾಜಿನ ಅಂಗಡಿ. ಅಳೆದು ಕತ್ತರಿಸುವುದು ಅಣ್ಣ, ಅಂಟಿಸುವುದೆಲ್ಲ ಅತ್ತಿಗೆ. ಹಳೆಯ ರೇಷ್ಮೆ ಬಟ್ಟೆ ಇಡುವ ಕಪಾಟಿಗೆ ಮ್ಯೂಸಿಯಂನವರು ತಾವೇ ಗಾಜು ಕೊಟ್ಟು ಬಾಗಿಲು ಮಾಡಿಕೊಡಿ ಅಂದಾಗ ಅತ್ತಿಗೆ ಹಿಂದೆಮುಂದೆ ನೋಡದೆ ಹೂಂ ಅಂದರು. ಗಾಜಿಗೆ ತೂತು ಕೊರೆಯುವಂತಿಲ್ಲ. ಸ್ಟೀಲಿನ ಕೀಲನ್ನು ಅಂಟಿನಲ್ಲೇ ಕೂರಿಸಬೇಕು.

ಅಂಟು ಹಚ್ಚಿ, ಗಾಜಿನ ಮೂಲಕ ಬೀಳುವಂತೆ ನೇರಳಾತೀತ ದೀಪ ಹಿಡಿದರೆ ಅದು ಕಲ್ಲಾಗಬೇಕು. ಈ ಸಲ ಎಷ್ಟು ಹೊತ್ತು ಹಿಡಿದರೂ ಜೇನಿನ ಹಾಗೆ ಜಾರಿತು. ಅಣ್ಣ ದೀಪ ಬದಲಿಸಿದ, ಅಂಟು ಬದಲಿಸಿದ. ಕೀಲು ಕೈಗೇ ಬಂತು.

"ಇದು ನಮ್ಮ ಕೈಲಾಗಲ್ಲ. ಗಾಜು ವಾಪಸ್ ಕೊಟ್ಟುಬಿಡೋಣ," ಅಂದ.

ಅತ್ತಿಗೆ ಸಿಟ್ಟಿಗೆ ಹಲ್ಲು ಕಡಿದು ಹಳೆಯ ಫಿಲ್ಲಿಂಗ್ ಉದುರಿಸಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. ನಾನು ಹಲ್ಲಿನ ಡಾಕ್ಟರು. ಹೊಸ ಫಿಲ್ಲಿಂಗ್ ತುಂಬಿ ನೀಲಿ ದೀಪ ಹಿಡಿದೆ. ಅತ್ತಿಗೆ ಬಾಯಿ ತೆರೆದುಕೊಂಡೇ "ಆಂ! ಆಂ!" ಅಂತ ಕೈ ಬೀಸತೊಡಗಿದರು. ಗಾಬರಿಯಾಗಿ ದೀಪ ತೆಗೆದೆ.

"ಇದು ನೇರಳಾತೀತಾನೇನೇ?"

"ಅಲ್ಲ ಅತ್ತಿಗೆ, ಬರೀ ನೀಲಿ. ಫಿಲ್ಲಿಂಗ್‌ನಲ್ಲಿರೋ ಒಂದು ರಾಸಾಯನಿಕ ನೀಲಿ ಬೆಳಕು ಹೀರಿಕೊಂಡು, ಮಿಕ್ಕ ಅಣುಗಳನ್ನೆಲ್ಲ ಒಂದಕ್ಕೊಂದು ಹೆಣೆದುಬಿಡುತ್ತೆ. ಅದಕ್ಕೇ ಗಟ್ಟಿಯಾಗೋದು."

ಅತ್ತಿಗೆ ಎದ್ದು ಕೂತರು. "ಅಯ್ಯೋ ನನ್ನ ಬುದ್ಧಿಗಿಷ್ಟು! ರೇಷ್ಮೆ ಬಣ್ಣ ಹೋಗಬಾರದು ಅಂತ ಅವರು ಕೊಟ್ಟಿರೋದೇ ನೇರಳಾತೀತ ತಡೆಯೋ ಗಾಜು. ಬೆಳಕು ಅಂಟಿನ ತನಕ ಹೋದರೆ ತಾನೇ! ನೀಲಿಯಾದರೆ ಗಾಜು ದಾಟುತ್ತಲ್ಲ?"

"ದಾಟುತ್ತೆ. ಮೊದಲು ಬಾಯಿ ತೆಗೀರಿ, ಅರ್ಧ ಹಲ್ಲು ಬಾಕಿ ಇದೆ."

ನೀಲಿ ಬೆಳಕಿಗೆ ಗಟ್ಟಿಯಾಗುವ ಗಾಜಿನ ಅಂಟೂ ಇದೆಯೆಂದು ಅಂಟು ಮಾರುವ ವ್ಯಾಪಾರಿ ಹೇಳಿದ, ತರಿಸಿದರು. ಅದೇ ಗಾಜಿನ ಒಂದು ತುಂಡಿಗೆ ಕೀಲು ಅಂಟಿಸಿ ನೀಲಿ ದೀಪ ಹಿಡಿದರು. ಅಣ್ಣ ಎಳೆದ, ಅಲುಗಲಿಲ್ಲ. ನೀರು ತುಂಬಿದ ಬಕೆಟ್ ತೂಗುಹಾಕಿದ, ಜಗ್ಗಲಿಲ್ಲ. ಇನ್ನೊಂದು ಬಕೆಟ್ ಸೇರಿಸಿದ. ಬಕೆಟ್ಟಿನ ಹಿಡಿಯೇ ಕಿತ್ತು ನೀರೆಲ್ಲ ಅಣ್ಣನ ಕಾಲ ಮೇಲೆ ಸುರಿಯಿತು. ಕೀಲು ಮಾತ್ರ ಇದ್ದಲ್ಲೇ ಇತ್ತು. "ಗೆದ್ದೆ!" ಅಂತ ಅತ್ತಿಗೆ ಕೂಗಿದ್ದಕ್ಕೆ ಪಕ್ಕದಂಗಡಿಯವರು ಓಡಿಬಂದರು.

ಬಾಗಿಲು ಕೂರಿಸಿದ ದಿನ ನಾನೂ ಹೋಗಿದ್ದೆ. ಮ್ಯೂಸಿಯಂ ಅಧಿಕಾರಿ ಬಗ್ಗಿ ಬಗ್ಗಿ ಕೀಲು ನೋಡಿ, ಬಾಗಿಲು ತೆರೆದು ಮುಚ್ಚಿದರು. ಸದ್ದೇ ಇಲ್ಲ.

"ಮಿಕ್ಕ ಕಪಾಟುಗಳನ್ನೂ ನೀವೇ ಮಾಡಿಕೊಡಬೇಕು," ಅಂದರು.

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಟೇಪು ಬಿಚ್ಚಿ ಮುಂದಿನ ಕಪಾಟು ಅಳೆಯುತ್ತಿದ್ದರು.